ಆಕರವನ್ನು ಅರಸುವ ಬಗೆ: ನೀಲಗಿರಿಯ ವಿದ್ಯಾರ್ಥಿಗಳಿಗೆ ಒಂದು ಪಾಠ

ಬಡಗರು ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಿಂದ ನೀಲಗಿರಿಗೆ ಓಡಿಬಂದವರು ಎಂಬ ಮಾತು ವಿದ್ಯಾರ್ಥಿಗಳ ಕಿರುಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಇದನ್ನು ಬರೆಯುವವರಲ್ಲಿ ಬಡಗ ಮನೆತನದ ಮಕ್ಕಳೂ ಇದ್ದಾರೆ. ಎಲ್ಲಿಂದ ತೆಗೆದುಕೊಂಡಿರಿ ಎಂದು ಕೇಳಿದರೆ ಬರುವ ಉತ್ತರ ‘ಗೂಗಲಿನಲ್ಲಿ ಇದೆ ಸರ್’ ಎಂಬುದೇ. ಗೂಗಲ್ ಎಂಬುದು ಗ್ರಂಥವೂ ಅಲ್ಲ, ಗ್ರಂಥಕರ್ತನೂ ಅಲ್ಲ. ಅದು ಗ್ರಂಥಾಲಯದ ಬಾಗಿಲಲ್ಲಿ ನಿಂತು ಕೈತೋರಿಸುವವನಷ್ಟೇ. ಅವನು ತೋರಿಸಿದ ಕಪಾಟಿನಲ್ಲಿ ಏನಿದೆ, ಯಾರು ಬರೆದರು, ಯಾವಾಗ ಬರೆದರು ಎಂಬುದನ್ನು ಓದುಗನೇ ನೋಡಬೇಕು. ಈ ಒಂದು ವಾಕ್ಯವನ್ನೇ ಹಿಡಿದು, ಅಂತರಜಾಲದಲ್ಲಿ ಆಕರವನ್ನು ಅರಸುವ ಕ್ರಮವನ್ನು ಪರಿಶೀಲಿಸೋಣ.

ಒಂದೇ ಮಾತು ಹತ್ತು ಪುಟಗಳಲ್ಲಿದ್ದರೆ ಹತ್ತು ಸಾಕ್ಷಿಗಳು ದೊರೆತವೆಂದು ತಿಳಿಯಬಾರದು. ಆ ಹತ್ತರಲ್ಲಿ ಒಂಬತ್ತು ಹತ್ತನೆಯದರ ನಕಲಾಗಿರುವುದೇ ಹೆಚ್ಚು. ಇದು ಇಂದಿನ ರೋಗವೇನೂ ಅಲ್ಲ. ಡಬ್ಲ್ಯೂ. ಫ್ರಾನ್ಸಿಸ್ ಬರೆದ ನೀಲಗಿರಿ ಜಿಲ್ಲಾ ಗೆಜೆಟಿಯರ್ ಅಚ್ಚಾದದ್ದು 1908ರಲ್ಲಿ. ಎಡ್ಗರ್ ಥರ್ಸ್ಟನ್‌ನ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಏಳು ಸಂಪುಟಗಳು ಬಂದದ್ದು 1909ರಲ್ಲಿ. ಬಡಗ ಎಂದರೆ ಬಡಗಣವರು, ಅಂದರೆ ಉತ್ತರದವರು. ಕ್ಷಾಮ, ರಾಜಕೀಯ ಕ್ಷೋಭೆ ಅಥವಾ ಸ್ಥಳೀಯ ದಬ್ಬಾಳಿಕೆಯಿಂದ ಮೈಸೂರು ಸೀಮೆಯನ್ನು ಬಿಟ್ಟು ಬಂದವರು ಎಂಬ ವಿವರಣೆ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ ಮಾತಿನಲ್ಲಿದೆ. ಥರ್ಸ್ಟನ್ ಇಲ್ಲಿ ಎರಡನೆಯ ಸಾಕ್ಷಿಯಾಗಲಾರ. ಮುಂದೆ ನೂರು ವರ್ಷಗಳಲ್ಲಿ ಇದೇ ವಿವರಣೆ ಪ್ರವಾಸಿ ಕೈಪಿಡಿಗಳಿಗೆ, ಅಲ್ಲಿಂದ ಪರದೆಗೆ ಇಳಿದು ಬಂದಿತು. ಟಿಪ್ಪುವಿನ ಹೆಸರು ಆ ದಾರಿಯಲ್ಲಿ ಎಲ್ಲಿಯೋ ಅಂಟಿಕೊಂಡದ್ದು.

ಅದನ್ನು ಹೇಗೆ ಪರೀಕ್ಷಿಸುವುದು? ಮೂಲದ ಕಡೆಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ನಡೆಯಬೇಕು. ಫ್ರಾನ್ಸಿಸ್‌ನ ಗೆಜೆಟಿಯರ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ. ಅದನ್ನು ತೆರೆದು ಓದಿದರೆ ಆತ ನಮ್ಮ ಪ್ರಬಂಧಕಾರರಿಗಿಂತ ಎಷ್ಟು ಎಚ್ಚರದಿಂದ ಬರೆದಿದ್ದಾನೆಂದು ತಿಳಿಯುತ್ತದೆ: ಈ ವಲಸೆ ಹನ್ನೆರಡನೆಯ ಶತಮಾನದ ಉತ್ತರಾರ್ಧದ ನಂತರ, ಹದಿನಾರನೆಯ ಶತಮಾನದ ಅಂತ್ಯಕ್ಕೆ ಮೊದಲು ನಡೆದಿರಬೇಕು ಎನ್ನುತ್ತಾನೆ. ಹದಿನಾರನೆಯ ಶತಮಾನ ಏಕೆ? ಮಲಬಾರಿನಿಂದ ಬೆಟ್ಟ ಹತ್ತಿ ಬಂದ ಕ್ರೈಸ್ತ ಪಾದ್ರಿಗಳು ಬಡಗರನ್ನು ಇಲ್ಲಿ ಆಗಲೇ ನೆಲೆಸಿದವರಾಗಿ ಕಂಡಿದ್ದರು. ಅವರಲ್ಲೊಬ್ಬನಾದ ಜೆಸ್ವಿಟ್ ಪಾದ್ರಿ ಫಿನಿಚಿಯೊ 1603ರಲ್ಲಿ ಬರೆದ ಪತ್ರದ ಅನುವಾದ ಡಬ್ಲ್ಯೂ. ಎಚ್. ಆರ್. ರಿವರ್ಸ್ ತೋಡರನ್ನು ಕುರಿತು 1906ರಲ್ಲಿ ಪ್ರಕಟಿಸಿದ ಗ್ರಂಥದ ಅನುಬಂಧದಲ್ಲಿದೆ. ಅದೂ ಆರ್ಕೈವ್‌ನಲ್ಲಿ ಉಚಿತ. ಟಿಪ್ಪು ಆಳಿದ್ದು 1782ರಿಂದ 1799ರವರೆಗೆ. 1603ರಲ್ಲಿ ಇಲ್ಲಿ ಮನೆಕಟ್ಟಿಕೊಂಡಿದ್ದವರು 1782ರ ನಂತರ ಓಡಿಬಂದವರಾಗುವುದು ಹೇಗೆ? ಮೂರು ಪುಸ್ತಕ, ಒಂದು ಮಧ್ಯಾಹ್ನ, ಒಂದು ಪೈಸೆಯ ಖರ್ಚಿಲ್ಲ.

ವಲಸೆಯ ಕಥೆಯೇ ಸುಳ್ಳೆಂದು ಇದರಿಂದ ಸಿದ್ಧವಾಗುವುದಿಲ್ಲ; ಅದು ನಿಜವೆಂದೂ ಸಿದ್ಧವಾಗುವುದಿಲ್ಲ. ಬಡಗ ಸಮುದಾಯದ ಅನೇಕರು ಇಂದು ಆ ಕಥೆಯನ್ನೇ ಒಪ್ಪುವುದಿಲ್ಲ. ತಮ್ಮ ನುಡಿ ಕನ್ನಡದ ಉಪಭಾಷೆಯಲ್ಲ, ಸ್ವತಂತ್ರ ಭಾಷೆ ಎನ್ನುತ್ತಾರೆ. ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೋ-ರೈಚೂರ್ 1992ರಲ್ಲಿ ಬಡಗ–ಇಂಗ್ಲಿಷ್ ನಿಘಂಟನ್ನೇ ಹೊರತಂದಿದ್ದಾರೆ. ಕನ್ನಡ ವಿಭಾಗದವರಾದ ನಾವು ಈ ಚರ್ಚೆಯಲ್ಲಿ ಪಕ್ಷ ಹಿಡಿಯುವ ಆತುರ ತೋರಬಾರದೆಂಬುದು ನನ್ನ ಅಭಿಪ್ರಾಯ. ಆದರೆ ಒಂದು ಸಂಗತಿ ನಿರ್ವಿವಾದ. ಬಾಸೆಲ್ ಮಿಶನ್ 1846ರಲ್ಲಿ ಕೇತಿಯಲ್ಲಿ ನೆಲೆಯೂರಿದ ಮೇಲೆ ಬಡಗರ ಬಗೆಗಿನ ಬರವಣಿಗೆಯಲ್ಲಿ ಕನ್ನಡ ಲಿಪಿಗೆ ದೊಡ್ಡ ಪಾಲು ಬಂದಿತು. ಬಡಗ ನುಡಿಯ ಲೂಕನ ಸುವಾರ್ತೆ 1890ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು ಕನ್ನಡ ಅಕ್ಷರಗಳಲ್ಲಿಯೇ. ಕನ್ನಡ ಲಿಪಿ ಬಾರದ ಬಡಗ ತರುಣನಿಗೆ ತನ್ನ ನುಡಿಯ ಹಳೆಯ ಮುದ್ರಿತ ಪಠ್ಯ ಕಣ್ಣೆದುರಿಗಿದ್ದರೂ ಓದಲು ಬಾರದು. ಆ ಬಾಗಿಲನ್ನು ತೆರೆಯಬಲ್ಲವರು ನಮ್ಮ ತರಗತಿಯಲ್ಲಿ ಕುಳಿತಿದ್ದಾರೆ.

ಇನ್ನು ಹುಡುಕುವ ಕೌಶಲದ ಮಾತು. ಹಳೆಯ ದಾಖಲೆಗಳು ಹಳೆಯ ಹೆಸರಿನಿಂದಲೇ ಕರೆದರೆ ಓಗೊಡುತ್ತವೆ. ಇಂಗ್ಲಿಷಿನಲ್ಲಿ ಇಂದು ನಾವು ಬರೆಯುವ ನೀಲಗಿರಿಯ ಕಾಗುಣಿತಕ್ಕೂ ಕಂಪನಿ ಕಾಲದ ಕಾಗುಣಿತಕ್ಕೂ ಸಂಬಂಧವಿಲ್ಲ. ಆಗ ಅದು ‘ನೀಲ್‌ಘೆರಿ’. ಬಡಗರು ‘ಬರ್ಗರ್’, ಕನ್ನಡ ‘ಕ್ಯಾನರೀಸ್’, ಉದಗಮಂಡಲ ‘ಊಟಕಮಂಡ್’, ಕೇತಿ ‘ಕೈಟಿ’. ಮರಾಠಿಯಲ್ಲಿಯೂ ಇದೇ ಪಾಡು. ನಾನು ಕನ್ನಡ–ಮರಾಠಿ ಎರಡರಲ್ಲಿಯೂ ಓದಿ ಬೆಳೆದವನು. ಹಳೆಯ ಮರಾಠಿ ಪುಸ್ತಕಗಳಲ್ಲಿ ನಮ್ಮ ನುಡಿಯ ಹೆಸರು ‘ಕಾನಡಿ’ ಎಂದಿರುವುದು ತಿಳಿಯದವನು ಅಲ್ಲಿ ‘ಕನ್ನಡ’ ಎಂದು ಹುಡುಕಿ ಬರಿಗೈಯಲ್ಲಿ ಮರಳುತ್ತಾನೆ.

ಕನ್ನಡ ಪುಸ್ತಕಗಳನ್ನು ಹುಡುಕುವಾಗ ಬೇರೊಂದು ತೊಡಕಿದೆ. ಭಾರತೀಯ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಸ್ಕ್ಯಾನ್ ಆದ ಸಾವಿರಾರು ಕನ್ನಡ ಪುಸ್ತಕಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಅವುಗಳ ಶೀರ್ಷಿಕೆಗಳನ್ನು ರೋಮನ್ ಅಕ್ಷರಗಳಲ್ಲಿ, ಅದೂ ಕೈಗೆ ಬಂದಂತೆ, ದಾಖಲಿಸಿದ್ದಾರೆ. ದೀರ್ಘವಿಲ್ಲ, ಒತ್ತಿಲ್ಲ, ಕೆಲವೆಡೆ ಲೇಖಕನ ಹೆಸರೇ ಶೀರ್ಷಿಕೆಯಾಗಿದೆ. ಪುಸ್ತಕವಿದೆ, ಆದರೆ ಸೂಚಿಪತ್ರದಲ್ಲಿ ಅದು ಕಾಣೆಯಾಗಿದೆ. ಕಪಾಟಿನ ತಪ್ಪು ಸ್ಥಳದಲ್ಲಿಟ್ಟ ಪುಸ್ತಕ ಕಳೆದುಹೋದಂತೆಯೇ ಸರಿ. ಈ ಶೀರ್ಷಿಕೆಗಳನ್ನು ಕನ್ನಡ ಅಕ್ಷರಕ್ಕೆ ತಿರುಗಿಸಿ ಹುಡುಕುವಂತೆ ಮಾಡಿದ ‘ಪುಸ್ತಕ ಸಂಚಯ’ ಎಂಬುದು ಸ್ವಯಂಸೇವಕರ ದುಡಿಮೆಯ ಫಲ. ವಿಶ್ವವಿದ್ಯಾಲಯಗಳು ಮಾಡಬೇಕಾಗಿದ್ದ ಕೆಲಸವಿದು ಎಂದು ಹೇಳದೆ ಇರಲಾರೆ. ಜೊತೆಗೆ, ಯುನಿಕೋಡ್ ಬಳಕೆಗೆ ಬರುವ ಮೊದಲಿನ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಬರಹಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಕನ್ನಡವಲ್ಲ. ಅವುಗಳೊಳಗಿನ ಪದ ಹುಡುಕಿದರೆ ಸಿಗುವುದಿಲ್ಲ. ಹುಡುಕಿದೆ, ಸಿಗಲಿಲ್ಲ ಎಂಬುದು ಇಲ್ಲ ಎಂಬುದಕ್ಕೆ ಪ್ರಮಾಣವಾಗದು.

ಮುಕ್ತವಾಗಿ ದೊರೆಯುವುದಕ್ಕೂ ಮುಕ್ತವಾಗಿರುವುದಕ್ಕೂ ಅಂತರವಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕನ ನಿಧನದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕೃತಿಗಳು, 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀಯವರ ಕೃತಿಗಳು ಇಂದು ಎಲ್ಲರ ಸೊತ್ತು. 1981ರಲ್ಲಿ ಅಗಲಿದ ಬೇಂದ್ರೆಯವರ ಕಾವ್ಯ 2041ರ ಕೊನೆಯವರೆಗೆ, 1994ರಲ್ಲಿ ಅಗಲಿದ ಕುವೆಂಪು ಅವರ ಕೃತಿಗಳು 2054ರ ಕೊನೆಯವರೆಗೆ ಹಾಗಲ್ಲ. ಯಾರೋ ಏರಿಸಿದ ಪಿಡಿಎಫ್ ಮೊಬೈಲಿಗೆ ಬಂದ ಮಾತ್ರಕ್ಕೆ ಈ ಲೆಕ್ಕ ಬದಲಾಗುವುದಿಲ್ಲ. ಬದುಕಿರುವಾಗಲೇ ಹಂಚಿದವರೂ ಇದ್ದಾರೆ: ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ, ಒಂದೂವರೆ ಲಕ್ಷ ಪದಗಳ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಮುಕ್ತ ಪರವಾನಗಿಯಲ್ಲಿ ಅಂತರಜಾಲದಲ್ಲಿದೆ. ಸಂಶೋಧನಾ ಮಹಾಪ್ರಬಂಧಗಳಿಗೆ ‘ಶೋಧಗಂಗಾ’ ಇದೆ. ಅಲ್ಲಿ ಕನ್ನಡದಲ್ಲಿ ಬರೆದವೂ ಬಹಳ. ಅವುಗಳ ಗುಣ ಒಂದೇ ಬಗೆಯದಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಪರದೆಯ ಮಾತಾಡುತ್ತ ಕಟ್ಟಡವನ್ನು ಮರೆಯುವಂತಿಲ್ಲ. ನಮ್ಮ ಊರಿನ ನೀಲಗಿರಿ ಗ್ರಂಥಾಲಯ 1859ರಲ್ಲಿ ಆರಂಭವಾದದ್ದು. ಸದಸ್ಯರ ಗ್ರಂಥಾಲಯ, ಬೆಟ್ಟಗಳನ್ನು ಕುರಿತ ಅಪರೂಪದ ಪುಸ್ತಕಗಳಿರುವ ಸ್ಥಳ. ಸಾರ್ವಜನಿಕ ಗ್ರಂಥಾಲಯದ ಕಥೆ ಬೇರೆ. ಎಸ್. ಆರ್. ರಂಗನಾಥನ್ ಅವರ ಪ್ರಯತ್ನದಿಂದ 1948ರಲ್ಲಿ ಮದರಾಸು ಪ್ರಾಂತದಲ್ಲಿ ಬಂದ ಕಾಯಿದೆ ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯಿದೆ. ಮೈಸೂರಿಗೆ ಅಂಥದು ಬಂದದ್ದು 1965ರಲ್ಲಿ. ಮನೆ ತೆರಿಗೆಯ ಜೊತೆಗೆ ಗ್ರಂಥಾಲಯದ ಕರವನ್ನು ನಿಮ್ಮ ತಂದೆತಾಯಿಗಳು ಕಟ್ಟುತ್ತಿದ್ದಾರೆ. ಆದ್ದರಿಂದ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಕನ್ನಡ ಪುಸ್ತಕ ಬೇಕೆಂದು ಬರೆದುಕೊಡುವುದು ಬೇಡಿಕೆಯಲ್ಲ, ಹಕ್ಕು. ಚೆನ್ನೈಯ ಕನ್ನೆಮರಾ ಗ್ರಂಥಾಲಯಕ್ಕೆ 1954ರ ಕಾಯಿದೆಯಂತೆ ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಪ್ರತಿ ಸಲ್ಲಬೇಕು, ಕನ್ನಡದ್ದೂ ಸೇರಿ. ಕಿಟೆಲ್ ನಿಘಂಟನ್ನು ಪರಿಷ್ಕರಿಸಿ, ಎಂ. ಮರಿಯಪ್ಪ ಭಟ್ಟರ ಸಂಪಾದಕತ್ವದಲ್ಲಿ ನಾಲ್ಕು ಸಂಪುಟಗಳಾಗಿ ಹೊರತಂದದ್ದೂ ಮದರಾಸು ವಿಶ್ವವಿದ್ಯಾಲಯವೇ.

ಈ ತಿಂಗಳ ಅಭ್ಯಾಸ. ‘ಹಟ್ಟಿ’ ಎಂಬ ಪದವನ್ನು ತೆಗೆದುಕೊಳ್ಳಿರಿ. ಬಡಗರಲ್ಲಿ ಅದು ಊರು. ಕನ್ನಡದಲ್ಲಿ ಕೊಟ್ಟಿಗೆಯೂ ಹೌದು, ಸಣ್ಣ ವಸತಿಯೂ ಹೌದು. 1894ರ ಕಿಟೆಲ್ ನಿಘಂಟಿನ ಸ್ಕ್ಯಾನ್ ಪ್ರತಿಯಲ್ಲಿ ಅದನ್ನು ನೋಡಿರಿ. ಬಳಿಕ ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟನ್ನು ನೋಡಿರಿ. ಚಿಕಾಗೊ ವಿಶ್ವವಿದ್ಯಾಲಯದ ತಾಣದಲ್ಲಿ ಅದು ಉಚಿತ. ಎಮೆನೊ 1930ರ ದಶಕದಲ್ಲಿ ಇದೇ ಬೆಟ್ಟಗಳಲ್ಲಿ ತೋಡ, ಕೋತ ನುಡಿಗಳನ್ನು ಕಲಿತವರು. ಅಲ್ಲಿ ಹಕಾರದ ಕೆಳಗೆ ತಡಕಬೇಡಿ. ಹಳಗನ್ನಡದ ಪಕಾರವೇ ಹೊಸಗನ್ನಡದ ಹಕಾರವಾದದ್ದನ್ನು ನೆನೆದು, ತಮಿಳಿನ ‘ಪಟ್ಟಿ’ಯ ಕಡೆಯಿಂದ ಬನ್ನಿ. ಮರಾಠಿ ಬಲ್ಲವರು ಅದೇ ತಾಣದಲ್ಲಿ ಮೋಲ್ಸ್‌ವರ್ತ್ ನಿಘಂಟನ್ನೂ ತೆರೆದು ನೋಡಬಹುದು. ಕೊನೆಗೆ ಮನೆಯಲ್ಲಿ ಅಜ್ಜಿಯನ್ನು ಕೇಳಿ, ಅವರು ಹೇಳಿದ್ದನ್ನು ಅವರ ಊರಿನ ಹೆಸರು ಮತ್ತು ದಿನಾಂಕದೊಡನೆ ಬರೆದುಕೊಳ್ಳಿರಿ. ಪ್ರತಿ ಅರ್ಥದ ಮುಂದೆ ಗ್ರಂಥ, ಆವೃತ್ತಿ, ವರ್ಷ, ಪುಟ ಇರತಕ್ಕದ್ದು. ಪುಟಸಂಖ್ಯೆ ಇಲ್ಲದ ಹಾಳೆಗಳನ್ನು ಹಿಂದಿರುಗಿಸಲಾಗುವುದು.