ಮನೆಯ ಮೌಲ್ಯಮಾಪನ ಮತ್ತು ಸ್ಥಳೀಯ ಮಾರುಕಟ್ಟೆ: ರಾಜಧಾನಿ ಪ್ರದೇಶದ ಒಂದು ಅಧ್ಯಯನ

ಮನೆಯೊಂದಕ್ಕೆ ಕೊಳ್ಳುವವನೂ ಮಾರುವವನೂ ಒಪ್ಪಿಕೊಂಡ ಬೆಲೆ ಬೇರೆ. ಸಾಲ ನೀಡುವ ಬ್ಯಾಂಕು ಅದಕ್ಕೆ ಕಟ್ಟುವ ಮೌಲ್ಯ ಬೇರೆ. ಇವೆರಡರ ಅಂತರವನ್ನು ಭರಿಸಬೇಕಾದವನು ಕೊಳ್ಳುವವನೇ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷ ರೂಪಾಯಿವರೆಗಿನ ಗೃಹಸಾಲವು ಮನೆಯ ಮೌಲ್ಯದ ಶೇಕಡಾ 80ನ್ನು ಮೀರುವಂತಿಲ್ಲ. ನೋಯ್ಡಾದಲ್ಲಿ 80 ಲಕ್ಷಕ್ಕೆ ಒಪ್ಪಂದವಾದ ಮನೆಯನ್ನು ಮೌಲ್ಯಮಾಪಕರು 70 ಲಕ್ಷವೆಂದು ಅಂದಾಜು ಮಾಡಿದರೆ, ದೊರೆಯಬಹುದಾದ ಸಾಲ 64 ಲಕ್ಷದಿಂದ 56 ಲಕ್ಷಕ್ಕೆ ಇಳಿಯುತ್ತದೆ. 16 ಲಕ್ಷವನ್ನು ಕೂಡಿಟ್ಟು ಮುಂದುವರಿದ ಕುಟುಂಬವು 24 ಲಕ್ಷವನ್ನು ಹೊಂದಿಸಬೇಕಾಗುತ್ತದೆ. ಮುದ್ರಾಂಕ ಶುಲ್ಕ ಇದಕ್ಕೆ ಹೊರತು. ಆದುದರಿಂದ ಮೌಲ್ಯಮಾಪಕರು ಸ್ಥಳೀಯ ಮಾರುಕಟ್ಟೆಯನ್ನು ಅಳೆಯುವ ಬಗೆ ಜನಸಾಮಾನ್ಯರೂ ತಿಳಿಯತಕ್ಕ ವಿಷಯವಾಗಿದೆ.

ಮೊದಲು ನೆನಪಿಗೆ ಬರುವುದು ಸರಕಾರಿ ದರಪಟ್ಟಿ. ಕರ್ನಾಟಕದಲ್ಲಿ ಮಾರ್ಗಸೂಚಿ ಬೆಲೆಯೆನ್ನುವುದಕ್ಕೆ ದೆಹಲಿಯಲ್ಲಿ ಸರ್ಕಲ್ ದರವೆಂದು ಹೆಸರು. ಅಲ್ಲಿನ ಬಡಾವಣೆಗಳನ್ನು 'ಎ'ಯಿಂದ 'ಎಚ್'ವರೆಗೆ ಎಂಟು ವರ್ಗಗಳಾಗಿ ವಿಂಗಡಿಸಲಾಗಿದೆ. 2014ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಪಟ್ಟಿಯಲ್ಲಿ ಒಂದು ಚದರ ಮೀಟರ್ ನೆಲಕ್ಕೆ 'ಎ' ವರ್ಗದಲ್ಲಿ 7,74,000 ರೂಪಾಯಿ, 'ಎಚ್' ವರ್ಗದಲ್ಲಿ 23,280 ರೂಪಾಯಿ ಗೊತ್ತುಪಡಿಸಲಾಗಿತ್ತು. ಒಂದೇ ನಗರದೊಳಗೆ ಮೂವತ್ತಮೂರು ಪಟ್ಟು ವ್ಯತ್ಯಾಸ! ಆದರೆ ಈ ಪಟ್ಟಿ ಇರುವುದು ಮುದ್ರಾಂಕ ಶುಲ್ಕಕ್ಕೆ ಕನಿಷ್ಠ ಆಧಾರವನ್ನು ನಿಗದಿಪಡಿಸಲು. ಮಾರುಕಟ್ಟೆ ಸರಿದರೂ ಅದು ವರ್ಷಗಟ್ಟಲೆ ನಿಂತಲ್ಲೇ ನಿಂತಿತು. ನಡುವೆ 2021ರಲ್ಲಿ ಶೇಕಡಾ 20ರಷ್ಟು ತಾತ್ಕಾಲಿಕ ಕಡಿತವಾಯಿತು.

ಮೌಲ್ಯಮಾಪಕರು ಮುಖ್ಯವಾಗಿ ಅವಲಂಬಿಸುವುದು ಹೋಲಿಕೆಯ ವಿಧಾನವನ್ನು. ಅದೇ ನೆರೆಹೊರೆಯಲ್ಲಿ ಇತ್ತೀಚೆಗೆ ಮಾರಾಟವಾದ, ಅದೇ ಬಗೆಯ ಕೆಲವು ಮನೆಗಳ ಬೆಲೆಯನ್ನು ಸಂಗ್ರಹಿಸಿ, ವ್ಯತ್ಯಾಸಗಳಿಗೆ ತಕ್ಕಂತೆ ಕೂಡಿಸಿ ಕಳೆಯುತ್ತಾರೆ. ಹೇಳಲು ಸುಲಭವಾದ ಈ ಕಾರ್ಯ ದೆಹಲಿಯಲ್ಲಿ ಕಠಿಣ. ನೋಂದಣಿ ಪತ್ರದ ಮೊತ್ತ ಅನೇಕ ವೇಳೆ ಸರ್ಕಲ್ ದರಕ್ಕೆ ಅಂಟಿಕೊಂಡಿದ್ದು, ಉಳಿದುದು ನಗದಾಗಿ ಕೈಬದಲಾಗಿರಬಹುದು. ಮಧ್ಯವರ್ತಿಗಳು ತಿಳಿಸುವುದಾದರೋ ಕೇಳುವ ಬೆಲೆ, ಕೊಟ್ಟ ಬೆಲೆಯಲ್ಲ. ಅನಧಿಕೃತ ಬಡಾವಣೆಗಳಲ್ಲಿ ಬಹುಕಾಲ ಮನೆಗಳು ಕ್ರಯಪತ್ರವಿಲ್ಲದೆ, ಕೇವಲ ಜಿ.ಪಿ.ಎ. ಪತ್ರದ ಮೇಲೆ ಮಾರಾಟವಾದವು. ಅಂತಹ ವ್ಯವಹಾರದಿಂದ ಒಡೆತನ ಲಭಿಸದೆಂದು ಸರ್ವೋಚ್ಚ ನ್ಯಾಯಾಲಯವು 2011ರ ಅಕ್ಟೋಬರಿನಲ್ಲಿ, ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ತೀರ್ಪಿತ್ತಿತು. ಒಡೆತನವೇ ಸಂದಿಗ್ಧವಾದ ಮನೆಯ ಬೆಲೆಯನ್ನು ಕ್ರಯಪತ್ರವಿರುವ ಮನೆಗೆ ಅಳತೆಗೋಲಾಗಿಸುವುದು ಸಲ್ಲದು.

ಅಳತೆಯ ವಿಷಯದಲ್ಲಿಯೂ ಎಚ್ಚರ ಬೇಕು. ಮೊಗಸಾಲೆ, ಮೆಟ್ಟಿಲು, ಲಿಫ್ಟುಗಳ ಪಾಲನ್ನು ಸೇರಿಸಿದ 'ಸೂಪರ್ ಏರಿಯಾ' ಒಂದು. ಗೋಡೆಗಳ ಒಳಗೆ ಬಳಕೆಗೆ ಸಿಗುವ 'ಕಾರ್ಪೆಟ್ ಏರಿಯಾ' ಇನ್ನೊಂದು. 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆ, ಅಂದರೆ ರೇರಾ, ಎರಡನೆಯದಕ್ಕೆ ನಿಶ್ಚಿತ ಅರ್ಥವನ್ನು ಕೊಟ್ಟಿದೆ. ದೆಹಲಿಯ ಬಿಲ್ಡರ್ ಫ್ಲೋರ್‌ಗಳಲ್ಲಿ ಅಂತಸ್ತು, ಲಿಫ್ಟು, ವಾಹನ ನಿಲುಗಡೆ, ಮೇಲ್ಛಾವಣಿಯ ಹಕ್ಕು ಇವೆಲ್ಲವೂ ಬೆಲೆಯನ್ನು ಬದಲಿಸುತ್ತವೆ. ನೋಯ್ಡಾದಲ್ಲಿ ಪ್ರಾಧಿಕಾರವು ನಿವೇಶನಗಳನ್ನು ಸಾಮಾನ್ಯವಾಗಿ 90 ವರ್ಷಗಳ ಗೇಣಿಗೆ ನೀಡುವುದರಿಂದ, ಉಳಿದಿರುವ ಅವಧಿಯನ್ನೂ ನೋಡಬೇಕಾಗುತ್ತದೆ.

ಇನ್ನು ಬೆಲೆಗಳ ಒಲವು. ರಾಷ್ಟ್ರೀಯ ವಸತಿ ಬ್ಯಾಂಕು 2007ರಲ್ಲಿ ಆರಂಭಿಸಿದ 'ರೆಸಿಡೆಕ್ಸ್' ಸೂಚ್ಯಂಕವು ಬೆಲೆಗಳ ಏರಿಳಿತವನ್ನು ನಗರವಾರು ತಿಳಿಸುತ್ತದೆ. ಆದರೆ ಸರಾಸರಿಯು ಬೀದಿಯ ಕಥೆಯನ್ನು ಹೇಳದು. ಅದನ್ನು ಹೇಳುವುದು ಬಾಡಿಗೆ. ಬೆಲೆ ಜಿಗಿದು ಬಾಡಿಗೆ ಹಾಗೆಯೇ ಉಳಿದಿದ್ದರೆ, ಅಲ್ಲಿ ಕೊಳ್ಳುತ್ತಿರುವವರಲ್ಲಿ ವಾಸಿಸುವವರಿಗಿಂತ ಮರುಮಾರಾಟದ ಲಾಭವನ್ನು ನಿರೀಕ್ಷಿಸುವವರೇ ಹೆಚ್ಚೆಂದು ಶಂಕಿಸಬಹುದು. ಮೆಟ್ರೋ ನಿಲ್ದಾಣ ಬರಲಿದೆಯೆಂಬ ವದಂತಿಗೂ ಬೆಲೆ ಏರುತ್ತದೆ. ಮೌಲ್ಯಮಾಪಕರು ಎಣಿಸಬೇಕಾದುದು ಓಡುತ್ತಿರುವ ರೈಲನ್ನು. ಹಾಗೆಯೇ, ಪೂರ್ಣಗೊಳ್ಳದ ಯೋಜನೆಯ ಜಾಹೀರಾತು ದರವು ಪುರಾವೆಯಾಗದು. 2019ರ ಜುಲೈ 23ರಂದು ಸರ್ವೋಚ್ಚ ನ್ಯಾಯಾಲಯವು ಆಮ್ರಪಾಲಿ ಸಮೂಹದ ರೇರಾ ನೋಂದಣಿಯನ್ನು ರದ್ದುಪಡಿಸಿ, ಉಳಿದ ಕಟ್ಟಡಕಾರ್ಯವನ್ನು ಎನ್.ಬಿ.ಸಿ.ಸಿ.ಗೆ ವಹಿಸಿದಾಗ, ನೋಯ್ಡಾ ಮತ್ತು ಗ್ರೇಟರ್ ನೋಯ್ಡಾಗಳಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ಹಣ ತೆತ್ತು ಮನೆಗಾಗಿ ಕಾಯುತ್ತಿದ್ದರು.

ಕೊಳ್ಳುವವರು ಬ್ಯಾಂಕಿನ ಮೌಲ್ಯಮಾಪನಕ್ಕೆ ಮೊದಲೇ ದೊಡ್ಡ ಮೊತ್ತದ ಮುಂಗಡವನ್ನು ಕೊಡದಿರುವುದು ಲೇಸು. ಕೊಡಲೇಬೇಕಾದಲ್ಲಿ, ಮೌಲ್ಯವು ಒಪ್ಪಿದ ಬೆಲೆಗಿಂತ ಕಡಿಮೆಯಾಗಿ ಸಾಲ ಸಾಲದಾದರೆ ಮುಂಗಡವನ್ನು ಹಿಂದಿರುಗಿಸತಕ್ಕದ್ದೆಂಬ ಷರತ್ತನ್ನು ಕರಾರಿನಲ್ಲಿ ಬರೆಸಿಕೊಳ್ಳಬಹುದು.