ನೀರು ಹಾಯಿಸಬಾರದೆಂಬ ಆದೇಶ ಮತ್ತು ಪೈಪು ಹೊರುವ ಕೈಗಳು

ಮಳೆ ಕೈಕೊಟ್ಟ ವರ್ಷಗಳಲ್ಲಿ ನೀರು ಹಾಯಿಸುವುದಕ್ಕೆ ತಡೆ ಬಂದರೆ ನಾವು ಕೂಡಲೇ ತೋಟದ ನಷ್ಟದ ಲೆಕ್ಕ ಹಾಕುತ್ತೇವೆ. ಆದರೆ ಪಂಪ್‌ಸೆಟ್ಟು ನಡೆಸುವವರು, ಸ್ಪ್ರಿಂಕ್ಲರ್ ಪೈಪು ಹೊತ್ತು ಲೈನು ಬದಲಿಸುವವರು, ಹನಿ ನೀರಾವರಿ ಜೋಡಿಸುವ ಫಿಟ್ಟರುಗಳು ಇವರ ನಷ್ಟ ಆ ಲೆಕ್ಕಕ್ಕೆ ಸೇರುವುದಿಲ್ಲ. ಬೆಳೆಗಾರ ಬಾಂಧವರು ಈ ಬಗ್ಗೆ ಸ್ವಲ್ಪ ವಿಚಾರ ಮಾಡಬೇಕಾಗಿದೆ.

ಕುಡಿಯುವ ನೀರಿಗೇ ಮೊದಲ ಹಕ್ಕು ಎಂಬುದರಲ್ಲಿ ನಮ್ಮ ತಕರಾರಿಲ್ಲ. ರಾಜ್ಯದ ಜಲನೀತಿಯೂ ಅದನ್ನೇ ಹೇಳುತ್ತದೆ. ಕೊಡಗಿನ ತೋಟಗಳ ನಡುವೆ ಹರಿಯುವ ಕಾವೇರಿಯೇ ಬೆಂಗಳೂರಿನ ನಲ್ಲಿಗಳಿಗೂ ಹೋಗಬೇಕು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟ, ವಾಹನ ತೊಳೆಯುವಿಕೆ, ಕಟ್ಟಡ ಕೆಲಸ ಮುಂತಾದವುಗಳಿಗೆ ಬಳಸಬಾರದೆಂದು ಆದೇಶಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಅಲ್ಲಿ ನಿಷೇಧವಾದದ್ದು ಕುಡಿಯುವ ನೀರಿನ ಬಳಕೆಯೇ ಹೊರತು ತೋಟದ ಕೆಲಸವಲ್ಲ. ಶುದ್ಧೀಕರಿಸಿದ ಕೊಳಚೆ ನೀರಿನ ದಾರಿ ತೆರೆದಿತ್ತು.

ಇಂಥ ಬೇರೆ ದಾರಿ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯದ ಉದಾಹರಣೆಯಿದೆ. 2007ರ ಸೆಪ್ಟೆಂಬರ್ 28ರಂದು ಅಲ್ಲಿನ ಉತ್ತರ ಭಾಗದ 61 ಕೌಂಟಿಗಳಲ್ಲಿ ಮನೆಯ ಹೊರಗೆ ನೀರು ಹಾಯಿಸುವುದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನಿಲ್ಲಿಸಲಾಯಿತು. ವ್ಯವಸಾಯಕ್ಕೆ ವಿನಾಯಿತಿ ಇತ್ತು. ಹಾಗಿದ್ದರೂ ನರ್ಸರಿಗಳಿಗೆ, ಹುಲ್ಲುಹಾಸು ಬೆಳೆಯುವವರಿಗೆ, ಪೈಪು ಜೋಡಿಸುವವರಿಗೆ ಪೆಟ್ಟು ಬಿತ್ತು. ನೀರು ಹಾಕಲಾಗದವನು ಗಿಡ ಕೊಳ್ಳುವುದಿಲ್ಲ, ಪೈಪನ್ನೂ ಹಾಕಿಸುವುದಿಲ್ಲ. ಅನೇಕರು ಕೆಲಸ ಕಳೆದುಕೊಂಡರು. 2010ರಲ್ಲಿ ಆ ರಾಜ್ಯ ಹೊಸ ಕಾಯಿದೆ ಮಾಡಿತು. ಸಂಜೆ 4ರಿಂದ ಬೆಳಿಗ್ಗೆ 10ರವರೆಗೆ ನೀರು ಹಾಯಿಸಬಹುದು. ಹನಿ ನೀರಾವರಿಗೆ ಈ ವೇಳೆಯ ಕಟ್ಟಿಲ್ಲ. ಹೊಸದಾಗಿ ಹಾಕಿದ ಹುಲ್ಲುಹಾಸಿಗೆ 30 ದಿನ ವಿನಾಯಿತಿ. ನೀರೂ ಉಳಿಯಬೇಕು, ಕೆಲಸವೂ ಉಳಿಯಬೇಕು ಎಂದರೆ ಆದೇಶವು ವೇಳೆ ಮತ್ತು ವಿಧಾನಗಳನ್ನು ನೋಡಬೇಕೆಂಬುದೇ ಇದರ ಪಾಠ.

ಈಗ ನಮ್ಮ ತೋಟಗಳಿಗೆ ಬರೋಣ. ರೊಬಸ್ಟಾ ಕಾಫಿಗೆ ಹೂಮಳೆ ಬಾರದಿದ್ದರೆ ಫೆಬ್ರವರಿ-ಮಾರ್ಚಿನಲ್ಲಿ ಒಂದರಿಂದ ಒಂದೂವರೆ ಇಂಚು ನೀರು ಕೊಡಬೇಕು. ಒಂದು ಎಕರೆಗೆ ಒಂದು ಇಂಚು ಎಂದರೆ ಸುಮಾರು 1 ಲಕ್ಷ ಲೀಟರ್. ಅರ್ಧಂಬರ್ಧ ಕೊಟ್ಟರೆ ಹೂವು ಸರಿಯಾಗಿ ಅರಳುವುದಿಲ್ಲ. ಹೂವಾದ ಕೆಲವು ವಾರಗಳಲ್ಲಿ ಮತ್ತೊಮ್ಮೆ ನೀರು ಬೇಕು. ಪೈಪು ಹೊರುವ ತಂಡದ ನೀರಾವರಿ ಸಂಪಾದನೆಯೆಲ್ಲ ಈ ಕೆಲವೇ ವಾರಗಳಲ್ಲಿ ಅಡಗಿದೆ. ಅರ್ಧ ತೋಟ ಮುಗಿದಾಗ ತಡೆ ಬಂದರೆ ಬೆಳೆಗಾರನಿಗೆ ಮುಂದಿನ ಫಸಲಿನಲ್ಲಿ ನಷ್ಟ. ದಿನಗೂಲಿಯವನಿಗೆ ಅಂದಿನ ಸಂಜೆಯೇ ನಷ್ಟ. ಅವನು ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದರೆ, ಮುಂದಿನ ವರ್ಷ ಜೆಟ್ಟಿನ ಒತ್ತಡ ನೋಡಿ ಲೈನು ಕೂಡಿಸಬಲ್ಲ ಕೈ ನಮಗೆ ಸಿಗುವುದಿಲ್ಲ.

ಅಡಿಕೆಯಲ್ಲಿ ದಾರಿ ಸ್ವಲ್ಪ ಸುಲಭ. ಬೇಸಿಗೆಯಲ್ಲಿ ಮರವೊಂದಕ್ಕೆ ನಾಲ್ಕು ದಿನಕ್ಕೊಮ್ಮೆ 175 ಲೀಟರ್ ಹಾಯಿಸಿದರೆ ದಿನಕ್ಕೆ ಸುಮಾರು 44 ಲೀಟರ್ ಆಯಿತು. ಹನಿ ನೀರಾವರಿಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕು. ನೀರು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಕೆಲಸ ಮಾತ್ರ ಇಲ್ಲವಾಗುವುದಿಲ್ಲ: ಫಿಲ್ಟರ್ ತೊಳೆಯುವುದು, ಕಟ್ಟಿದ ರಂಧ್ರ ಬಿಡಿಸುವುದು, ಇಲಿ, ಅಳಿಲು ಕಡಿದ ಪೈಪು ಸರಿಪಡಿಸುವುದು ವಾರವಾರವೂ ಇದ್ದೇ ಇರುತ್ತದೆ.

ಆದ್ದರಿಂದ ಸದಸ್ಯರು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು.

1. ಮಳೆಗಾಲದ ನೀರನ್ನು ತೋಟದ ಕೆರೆಯಲ್ಲಿ ತುಂಬಿಸಿಕೊಳ್ಳಿ. ಬೇಸಿಗೆಯ ಹೊಳೆಯೊಂದನ್ನೇ ನಂಬಿದವರಿಗೆ ತಡೆಯ ಪೆಟ್ಟು ಮೊದಲು ಬೀಳುತ್ತದೆ.

2. ಹಂಗಾಮು ಆರಂಭವಾಗುವ ಮೊದಲೇ ತಂಡದೊಡನೆ ಇಂತಿಷ್ಟು ದಿನದ ಕೆಲಸವೆಂದು ಮಾತಾಡಿಕೊಳ್ಳಿ. ತಡೆ ಬಂದರೆ ಆ ದಿನಗಳಿಗೆ ಕೆರೆಯ ಹೂಳು ತೆಗೆಯುವುದು, ಬುಡಕ್ಕೆ ಸೊಪ್ಪು ತರಗು ಹೊದಿಸುವುದು, ಪೈಪು, ಪಂಪುಗಳ ದುರಸ್ತಿ ಇವನ್ನು ಕೊಡಿ.

3. ಸ್ಪ್ರಿಂಕ್ಲರ್ ತಂಡದಲ್ಲಿ ಇಬ್ಬರಿಗಾದರೂ ಹನಿ ನೀರಾವರಿಯ ಕೆಲಸ ಕಲಿಸಿ.

4. ಅಧಿಕಾರಿಗಳಿಗೆ ಮನವಿ ಸಲ್ಲಿಸುವಾಗ ನಿಷೇಧ ಬೇಡವೆಂದಷ್ಟೇ ಬರೆಯಬೇಡಿ. ಮುಂಚಿತ ಸೂಚನೆ, ನಿಗದಿತ ವೇಳೆ, ಹನಿ ನೀರಾವರಿಗೆ ವಿನಾಯಿತಿ ಕೇಳಿ. ಎಕರೆಯ ಲೆಕ್ಕದ ಪಕ್ಕದಲ್ಲೇ ಈ ಕೆಲಸವನ್ನು ನಂಬಿದವರ ಸಂಖ್ಯೆಯನ್ನೂ ಬರೆಯಿರಿ.

ಒಂದು ಹದ ಮಳೆ ಬಿದ್ದರೆ ತಡೆ ತೆರವಾಗುತ್ತದೆ. ಕೆಲಸ ಬಲ್ಲವರು ಊರು ಬಿಟ್ಟಿದ್ದರೆ ಅವರನ್ನು ಮರಳಿ ಕರೆಯುವುದು ಅಷ್ಟು ಸುಲಭವಲ್ಲ. ಫೆಬ್ರವರಿಗೆ ಮೊದಲೇ ಈ ಮಾತನ್ನು ತಮ್ಮ ತಮ್ಮ ತೋಟಗಳಲ್ಲಿ ಚರ್ಚಿಸಬೇಕೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.