ಗುಲಾಬಿ ರಿಬ್ಬನ್ ಸರಿ, ಹಣ ಯಾರಿಗೆ?

ಪ್ರಶ್ನೆ: ಅಕ್ಟೋಬರಿನಲ್ಲಿ ನಮ್ಮ ಮಹಿಳಾ ಮಂಡಳಿ ಸ್ತನ ಕ್ಯಾನ್ಸರ್ ಜಾಗೃತಿ ನಡಿಗೆ ಇಟ್ಟುಕೊಂಡಿದೆ. ಕೂಡುವ ಹಣವನ್ನು ಸಂಶೋಧನೆಗೆ ಕೊಡಬೇಕೆಂದಿದ್ದೇವೆ. ಯಾರಿಗೆ ಕೊಡುವುದು?
– ಕಾರ್ಯದರ್ಶಿ, ಶಿವಮೊಗ್ಗ

ಉತ್ತರ: ಒಳ್ಳೆಯ ಕೆಲಸ. ಟೀ ಶರ್ಟು, ಶಾಮಿಯಾನದ ಖರ್ಚು ಕಳೆದು ಉಳಿದದ್ದಷ್ಟೇ ಸಂಶೋಧನೆಗೆ ಎಂದಾಗದಿರಲಿ. ಜಾಗೃತಿಯ ಮಾತೆಲ್ಲ ‘ಬೇಗ ಪತ್ತೆ ಹಚ್ಚಿ’ ಎಂಬಲ್ಲಿಗೆ ಮುಗಿಯುತ್ತದೆ. ಮೂಳೆಗೋ ಲಿವರಿಗೋ ಈಗಾಗಲೇ ಹರಡಿದವರು ಆ ಬ್ಯಾನರ್ ನೋಡಿ ಏನಂದುಕೊಳ್ಳಬೇಕು? ಹಣ ಪಡೆಯುವ ಸಂಸ್ಥೆಯನ್ನು ನೇರವಾಗಿ ಕೇಳಿ: ಹರಡಿದ ಕ್ಯಾನ್ಸರಿನ ಸಂಶೋಧನೆಗೆ ಎಷ್ಟು ಕೊಡುತ್ತೀರಿ? ರೋಗಿಗಳ ಮೇಲಿನ ಔಷಧ ಪ್ರಯೋಗವಾದರೆ ಸಿಟಿಆರ್‌ಐ (ಔಷಧ ಪ್ರಯೋಗಗಳ ರಾಷ್ಟ್ರೀಯ ದಾಖಲೆ) ನೋಂದಣಿ ಸಂಖ್ಯೆ ಕೇಳಿ. 2009ರಿಂದ ಅದು ಕಡ್ಡಾಯ. ಆದಾಯ ತೆರಿಗೆ ವಿನಾಯಿತಿಯ 80ಜಿ ರಸೀದಿ ಮರೆಯಬೇಡಿ.

ಸಂಶೋಧನೆ ಎಂದರೆ ಕೋಟಿಗಟ್ಟಲೆಯ ಹೊಸ ಔಷಧವೇ ಆಗಬೇಕಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 350 ಮಹಿಳೆಯರ ಅಧ್ಯಯನವನ್ನು 2015ರಲ್ಲಿ ಪ್ರಕಟಿಸಿದರು. ಪತ್ತೆಯಾಗುವ ಹೊತ್ತಿಗೇ ಬೇರೆಡೆ ಹರಡಿದ್ದರೆ, ಕೀಮೋ ಚೆನ್ನಾಗಿ ಹಿಡಿದ ಮೇಲೂ ಸ್ತನದ ಆಪರೇಷನ್‌ನಿಂದ ಆಯುಷ್ಯ ಹೆಚ್ಚಲಿಲ್ಲ. ಹುಣ್ಣು, ರಕ್ತಸ್ರಾವ ಇದ್ದವರ ಮಾತು ಬೇರೆ. ಮಿಕ್ಕವರಿಗೆ ಒಂದು ದೊಡ್ಡ ಆಪರೇಷನ್ ಉಳಿಯಬಹುದೆಂದು ಗೊತ್ತಾಯಿತು.

ಅಕ್ಟೋಬರ್ 13 ಹರಡಿದ ಸ್ತನ ಕ್ಯಾನ್ಸರಿನ ಜಾಗೃತಿ ದಿನ. ನಡಿಗೆಯನ್ನು ಅಂದೇ ಇಟ್ಟುಕೊಳ್ಳಿ. ಭಾಷಣಕ್ಕೆ ನಮ್ಮಂಥ ಡಾಕ್ಟರು ಬೇಡ. ಕಾಯಿಲೆ ಇಟ್ಟುಕೊಂಡೇ ಸಂಸಾರ ತೂಗಿಸುತ್ತಿರುವ ಒಬ್ಬಾಕೆಯನ್ನು, ಒಪ್ಪಿದರೆ, ಕರೆಯಿರಿ.

ಪ್ರಶ್ನೆ: ಅತ್ತಿಗೆಗೆ ಆರು ವರ್ಷದ ಹಿಂದೆ ಸ್ತನದ ಆಪರೇಷನ್ ಆಗಿತ್ತು. ಈಗ ಬೆನ್ನುಮೂಳೆ, ಲಿವರಿನಲ್ಲಿ ಕಾಣಿಸಿಕೊಂಡಿದೆ. ಲಿವರಿನಿಂದ ಚೂರು ತೆಗೆಯಬೇಕಂತೆ. ಸೂಜಿ ಚುಚ್ಚಿದರೆ ಇನ್ನೂ ಹರಡುತ್ತದೆ ಎಂದು ಮನೆಯಲ್ಲಿ ಹೆದರಿದ್ದಾರೆ. ಚಿಕಿತ್ಸೆಗೆ ಆನ್‌ಲೈನಿನಲ್ಲಿ ಹಣ ಕೂಡಿಸಲೇ?
– ಹೆಸರು ಬೇಡ, ಚಿತ್ರದುರ್ಗ

ಉತ್ತರ: ಈ ಸೂಜಿಯ ಕಥೆ ಕೇಳಿ ಕೇಳಿ ನನಗೆ ಸಾಕಾಗಿದೆ. ಕ್ಯಾನ್ಸರ್ ಲಿವರಿಗೆ ಬಂದದ್ದು ಸೂಜಿ ಚುಚ್ಚಿದ್ದಕ್ಕಲ್ಲವಲ್ಲ! ಬಯಾಪ್ಸಿ ಬೇಡವೆಂದು ತಿಂಗಳುಗಟ್ಟಲೆ ಕಷಾಯ ಕುಡಿಸಿ, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಕರೆತರುತ್ತಾರೆ. ಆಗ ನಮ್ಮ ಕೈಯಲ್ಲಿ ಉಳಿದಿರುವುದು ಕಡಿಮೆ.

ಹಳೆಯ ರಿಪೋರ್ಟ್ ಇದೆಯಲ್ಲ ಎನ್ನಬೇಡಿ. ಹರಡಿದ ಜಾಗದಲ್ಲಿ ಗಡ್ಡೆಯ ಗುಣ ಬದಲಾಗಿರಬಹುದು. ಗಡ್ಡೆಗೆ ಯಾವ ಔಷಧ ಹಿಡಿಯುತ್ತದೆಂದು ಹೇಳುವ ಇಆರ್, ಪಿಆರ್ (ಹಾರ್ಮೋನು ಗ್ರಾಹಕಗಳು), ಹರ್-2 (ಒಂದು ಪ್ರೋಟೀನು) ಮೂರನ್ನೂ ಮತ್ತೆ ನೋಡಲೇಬೇಕು. ಹರ್-2 ಪಾಸಿಟಿವ್ ಆದರೆ ಟ್ರಾಸ್ಟುಜುಮ್ಯಾಬ್ ಎಂಬ ಔಷಧ. ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲೇ ಇದರ ಬಯೋಸಿಮಿಲರ್ (ಮೂಲ ಔಷಧವನ್ನೇ ಹೋಲುವ ರೂಪ) ಮಾರುಕಟ್ಟೆಗೆ ತಂದಿದೆ. ಇಆರ್ ಪಾಸಿಟಿವ್ ಆದರೆ ಹಾರ್ಮೋನು ಮಾತ್ರೆಯ ಜೊತೆ ಪಾಲ್ಬೋಸಿಕ್ಲಿಬ್‌ನಂಥದ್ದು. 2023ರಲ್ಲಿ ಪೇಟೆಂಟ್ ಮುಗಿದು ಬೆಲೆ ಬಹಳ ಇಳಿದಿದೆ. ಹಾಗಾಗಿ ಎಷ್ಟು ಹಣ ಬೇಕೆಂಬುದೇ ಆ ಚೂರಿನ ರಿಪೋರ್ಟ್ ಬಂದ ಮೇಲೆ ಗೊತ್ತಾಗುವ ಮಾತು. ಅದಕ್ಕೆ ಮೊದಲು ಯಾರ ಮುಂದೆ ಏನೆಂದು ಕೈಚಾಚುತ್ತೀರಿ? ಬಿಪಿಎಲ್ ಕುಟುಂಬವಾದರೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಮೊದಲು ಅದನ್ನು ವಿಚಾರಿಸಿ. ಆಮೇಲೂ ಸಾಲದಿದ್ದರೆ ಕೂಡಿಸಿ, ಹಣ ನೇರ ಆಸ್ಪತ್ರೆಯ ಖಾತೆಗೆ ಹೋಗಲಿ.

ಇನ್ನೊಂದು ಮಾತು. ಕಾಲು ಜೋಮು ಹಿಡಿದರೆ, ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ ಬೆನ್ನಿನ ಎಂಆರ್‌ಐ ಆಗಬೇಕು. ಬೆಳಗಾಗಲಿ ಎಂದು ಕಾಯಬೇಡಿ.

ಪ್ರಶ್ನೆ: ವಯಸ್ಸು 34. ಸ್ತನದಲ್ಲಿ ಗಂಟಿದೆ, ನೋವಿಲ್ಲ. ಎರಡು ಮಕ್ಕಳಿಗೂ ಹಾಲೂಡಿಸಿದ್ದೇನೆ. ಭಯಪಡಬೇಕೇ?
– ಓದುಗಿ, ಗದಗ

ಉತ್ತರ: ಭಯ ಬೇಡ, ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ನೋವಿಲ್ಲವೆಂದು ಸುಮ್ಮನಿರಬೇಡಿ ತಾಯಿ, ಹಾಲೂಡಿಸಿದವರಿಗೂ ಬರುತ್ತದೆ. ಈ ವಾರವೇ ಡಾಕ್ಟರಿಗೆ ತೋರಿಸಿ, ಅಲ್ಟ್ರಾಸೌಂಡ್ ಮಾಡಿಸಿ. ಅವರು ಮ್ಯಾಮೊಗ್ರಾಂ, ಬಯಾಪ್ಸಿ ಹೇಳಿದರೆ ಅದನ್ನೂ ಮಾಡಿಸಿ. ರಿಪೋರ್ಟ್ ಬಂದ ಮೇಲೆ ಮತ್ತೆ ಬರೆಯಿರಿ.